ಎದೆಗೆ ಹಾಕಿದ ತಕ್ಷಣ ಮಗು ನಿದ್ದೆ ಹೋಗುತ್ತದೆ, ಹಾಲು ಕಡಿಮೆಯಾಗುತ್ತಿದೆ. ಏನು ಮಾಡಲಿ?

ಹೊಸಬಾಣಂತಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ. ಮಗಳಿಗೆ ಇವತ್ತಿಗೆ 11 ದಿನ. ನನಗೆ ಬಿ.ಪಿ. ಜಾಸ್ತಿಯಾಗಿ 37 ವಾರಕ್ಕೇ ಸಿಸೇರಿಯನ್ ಮಾಡಿದರು. ಹುಟ್ಟಿದಾಗ 2.9 ಕೆ.ಜಿ. ಇದ್ದಳು, ಮನೆಗೆ ಬರುವಾಗ 2.68. ಇವತ್ತು ಬೆಳಿಗ್ಗೆ ತೂಕ ಮಾಡಿಸಿದರೆ 2.7 ಅಷ್ಟೇ.

ಎದೆಗೆ ಹಾಕಿಕೊಂಡರೆ ಎರಡು ನಿಮಿಷ ಚೀಪುತ್ತಾಳೆ, ಆಮೇಲೆ ಕಣ್ಣು ಮುಚ್ಚಿ ನಿದ್ದೆ. ಕೆನ್ನೆ ತಟ್ಟಿದರೂ ಏಳಲ್ಲ. ತೊಟ್ಟಿಲಿಗೆ ಹಾಕಿದರೆ ಮೂರು ನಾಲ್ಕು ಗಂಟೆ ಅಲುಗಾಡಲ್ಲ. ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿ, ಧೂಪ ಹಿಡಿದು, ಬಟ್ಟೆ ಸುತ್ತಿ ಮಲಗಿಸಿದರೆ ಮಧ್ಯಾಹ್ನ ಎರಡು ಗಂಟೆಗೇ ಏಳುವುದು. ಮನೆಯವರೆಲ್ಲ "ಎಷ್ಟು ಒಳ್ಳೆ ಮಗು, ಹಟವೇ ಇಲ್ಲ" ಅಂತಾರೆ. ಮಲಗಿದ ಮಗುವನ್ನು ಎಬ್ಬಿಸಬಾರದು ಅಂತ ಅಮ್ಮನೂ ಹೇಳ್ತಾರೆ.

ಐದನೇ ದಿನ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಈಗ ಮೆತ್ತಗಾಗಿದೆ. ನಿನ್ನೆ ಪಂಪ್ ಹಾಕಿ ನೋಡಿದೆ, ಎರಡೂ ಕಡೆ ಸೇರಿ ನಾಲ್ಕೈದು ಚಮಚ ಬಂತು. ಅಮ್ಮ ಲೇಹ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲ ಕೊಡುತ್ತಿದ್ದಾರೆ. ನೀರು ಮಾತ್ರ ಅಳತೆ. ನೋಡಲು ಬಂದವರು "ಹಾಲು ಬತ್ತಿರಬೇಕು, ಡಬ್ಬಿ ಹಾಲು ಶುರು ಮಾಡು" ಅಂತ ಹೇಳಿ ಹೋಗ್ತಾರೆ. ನನಗೆ ಅವಳಿಗೆ ನನ್ನ ಹಾಲೇ ಕೊಡಬೇಕು ಅಂತ ತುಂಬಾ ಆಸೆ. ಹಾಲು ಹೆಚ್ಚಾಗೋದಕ್ಕೆ ಏನು ತಿನ್ನಲಿ?

ವಾರ್ಡ್‌ಸಿಸ್ಟರ್_ಶಿವಮೊಗ್ಗ

ತಂಗಿ, ತಿನ್ನುವ ಮಾತು ಆಮೇಲೆ. ಮೊದಲು ನಾಲ್ಕು ವಿಷಯ ಹೇಳಿ. ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತಾಳೆ? ಕಕ್ಕ ಯಾವ ಬಣ್ಣ? ಡೈಪರಿನಲ್ಲಿ ಇಟ್ಟಿಗೆ ಬಣ್ಣದ ಕಲೆ ಬೀಳುತ್ತಿದೆಯಾ? ಹಗಲು ಬೆಳಕಿನಲ್ಲಿ ನೋಡಿದರೆ ಮೈ, ಕಣ್ಣು ಹಳದಿ ಇದೆಯಾ?

ಹೊಸಬಾಣಂತಿ_ದಾವಣಗೆರೆ

ಉಚ್ಚೆ ನಾಲ್ಕು ಸಲ ಇರಬಹುದು ಸಿಸ್ಟರ್. ಕಕ್ಕ ನಿನ್ನೆ ಒಂದೇ ಸಲ, ಹಸಿರು ಮಿಶ್ರ. ಕೆಂಪು ಕಲೆ ಮೊದಲೆರಡು ದಿನ ಇತ್ತು, ನಿನ್ನೆ ಮತ್ತೆ ಒಂದು ಸಲ ಕಂಡಿತು. ಮುಖ, ಎದೆ ಸ್ವಲ್ಪ ಹಳದಿ. ಅಂಗೈ ಅಂಗಾಲು ಹಳದಿ ಇಲ್ಲ.

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಹಾಗಾದರೆ ಇವತ್ತೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ನಾಳೆ ಬೇಡ. ಹೆದರಿಸಲು ಹೇಳ್ತಿಲ್ಲ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದರೂ ನಾವು ಗಮನಿಸುತ್ತಾ ಕಾಯುತ್ತೇವೆ. ಆದರೆ ಹಾಲು ಬಂದ ಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. 10ರಿಂದ 14 ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ನಿಮ್ಮ ಮಗಳು ಇಷ್ಟು ದಿನದಲ್ಲಿ 20 ಗ್ರಾಂ ಮಾತ್ರ ಏರಿದ್ದಾಳೆ. ಐದು ದಿನ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು, ಕಕ್ಕ ಹಳದಿಗೆ ತಿರುಗಿರಬೇಕು. ಇಷ್ಟು ಹೊತ್ತಿಗೆ ಇಟ್ಟಿಗೆ ಬಣ್ಣದ ಕಲೆ ಮತ್ತೆ ಕಂಡರೆ ಹೊಟ್ಟೆಗೆ ಸಾಲುತ್ತಿಲ್ಲ ಅಂತಲೇ ಅರ್ಥ.

ಅವಳು ಹಟ ಮಾಡದೆ ಮಲಗುವುದು ಹೊಟ್ಟೆ ತುಂಬಿದ ನಿದ್ದೆ ಅಲ್ಲ. ಶಕ್ತಿ ಸಾಲದೆ ಬರುವ ನಿದ್ದೆ. 37 ವಾರದ ಮಕ್ಕಳು ನೋಡಲು ದಿನ ತುಂಬಿದ ಮಕ್ಕಳ ಹಾಗೇ ಇರುತ್ತವೆ, ಆದರೆ ಚೀಪುವ ಶಕ್ತಿ ಕಡಿಮೆ, ಬೇಗ ಸುಸ್ತಾಗುತ್ತವೆ. ಜೊತೆಗೆ ಜಾಂಡೀಸ್ ಇದ್ದರೆ ಇನ್ನೂ ಮಂಪರು. ಮಂಪರಿಗೆ ಹಾಲು ಕುಡಿಯಲ್ಲ. ಕುಡಿಯದಿದ್ದರೆ ಕಕ್ಕ ಆಗಲ್ಲ. ಕಕ್ಕದಲ್ಲಿ ಹೊರಗೆ ಹೋಗಬೇಕಾದ ಹಳದಿ ಒಳಗೇ ಉಳಿದು ಜಾಂಡೀಸ್ ಏರುತ್ತದೆ, ಮಂಪರೂ ಏರುತ್ತದೆ. ಈ ಸುತ್ತನ್ನು ಎಲ್ಲೋ ಒಂದು ಕಡೆ ಕತ್ತರಿಸಬೇಕು.

ಹೊರಡುವ ಮೊದಲು ಹಾಲನ್ನು ಕೈಯಲ್ಲಿ ಹಿಂಡಿ, ಬಂದಷ್ಟನ್ನು ಒಳಲೆಯಲ್ಲಿ (ಮೂತಿ ಇರುವ ಪುಟ್ಟ ಬಟ್ಟಲು) ಕುಡಿಸಿ ಹೋಗಿ.

ಎರಡುಮಕ್ಕಳಮ್ಮ_ಮೈಸೂರು

ಸಿಸ್ಟರ್ ಹೇಳಿದ್ದು ಸರಿ. ಹೋಗಿ ಬಂದು ತಿಳಿಸಿ. ನನ್ನ ಮೊದಲನೆಯವನೂ ಹೀಗೇ ಇದ್ದ. ಈಗ ಒಂದನೇ ಕ್ಲಾಸು, ಅವನನ್ನು ಮಲಗಿಸುವುದೇ ಕಷ್ಟ. ಧೈರ್ಯವಾಗಿರಿ.

ಸುಮ್ನೆ_ಓದುವವಳು

ಡಬ್ಬಿ ಹಾಲು ಹಾಕಿಬಿಡಿ, ಇಷ್ಟೊಂದು ಒದ್ದಾಟ ಯಾಕೆ? ನಮ್ಮ ಅಕ್ಕನ ಮಗು ಅದರಲ್ಲೇ ದುಂಡಗೆ ಬೆಳೆದಿದೆ.

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಡಾಕ್ಟರು ನೋಡಿ ಬೇಕು ಅಂದರೆ ಕೊಡಲೇಬೇಕು, ಅದರಲ್ಲಿ ಸೋಲು ಏನೂ ಇಲ್ಲ. ಹಸಿದ ಮಗುವಿನ ಹೊಟ್ಟೆ ತುಂಬುವುದು ಎಲ್ಲಕ್ಕಿಂತ ಮೊದಲು. ಆದರೆ ಯಾರೂ ನೋಡದೆ, ತೂಕ ಲೆಕ್ಕ ಹಾಕದೆ, ಬಂದವರು ಹೇಳಿದರು ಅಂತ ಶುರು ಮಾಡಿದರೆ ಇನ್ನೊಂದು ತೊಂದರೆ. ಡಬ್ಬಿ ಹಾಲು ಕುಡಿದ ಮಗು ಎದೆಗೆ ಬರುವುದು ಕಡಿಮೆ. ಎದೆಯಲ್ಲಿ ಹಾಲು ಹಾಗೇ ನಿಂತರೆ ಇಷ್ಟು ಸಾಕು ಅಂತ ಮೈ ಉತ್ಪಾದನೆ ಇಳಿಸುತ್ತದೆ. ವಾರದಲ್ಲಿ ನಿಜವಾಗಲೂ ಹಾಲು ಕಡಿಮೆಯಾಗುತ್ತದೆ, ಆಗ "ನಾವು ಹೇಳಿರಲಿಲ್ವಾ" ಅಂತಾರೆ. ಇದನ್ನು ವಾರ್ಡಿನಲ್ಲಿ ಮತ್ತೆ ಮತ್ತೆ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಡಬ್ಬಿ ಹಾಲಿನ ಜಾಹೀರಾತು ನಮ್ಮ ದೇಶದಲ್ಲಿ 1992ರ ಕಾನೂನಿನಿಂದ ನಿಷೇಧವಾಗಿದೆ. ಅದಕ್ಕೆ ಕಾರಣವೇ ಇದು, ಬೇಕಿಲ್ಲದ ಕಡೆಯೂ ಅದು ಒಳಗೆ ಬರುತ್ತದೆ ಅಂತ.

ಹೊಸಬಾಣಂತಿ_ದಾವಣಗೆರೆ

ಹೋಗಿ ಬಂದೆವು. ರಕ್ತ ಪರೀಕ್ಷೆ ಮಾಡಿದರು. ಜಾಂಡೀಸ್ ಇದೆ, ಆದರೆ ಲೈಟ್ ಕೆಳಗೆ ಇಡುವಷ್ಟಿಲ್ಲ ಅಂದರು. ಸಕ್ಕರೆ ಅಂಶ ಸರಿ ಇದೆ. ಎದೆಗೆ ಹಾಕಿಕೊಂಡಾದ ಮೇಲೆ ಪ್ರತಿ ಸಲವೂ ಹಿಂಡಿದ ಹಾಲು ಒಳಲೆಯಲ್ಲಿ ಕೊಡಬೇಕು, ಎಷ್ಟು ಅಂತ ಬರೆದುಕೊಟ್ಟಿದ್ದಾರೆ. ನನ್ನದು ಸಾಲದೆ ಬಂದರೆ ಉಳಿದದ್ದಕ್ಕೆ ಮಾತ್ರ ಡಬ್ಬಿ ಹಾಲು. ಮೂರು ದಿನ ಬಿಟ್ಟು ಮತ್ತೆ ತೂಕ.

ಮನೆಗೆ ಬಂದು ಎದೆಗೆ ಹಾಕಿಕೊಂಡೆ, ಮತ್ತೆ ಅದೇ ನಿದ್ದೆ. ಹೇಗೆ ಎಬ್ಬಿಸೋದು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ ಸಿಸ್ಟರ್?

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಹೇಳ್ತೇನೆ. ಇದು ಕೈಯಲ್ಲಿ ತೋರಿಸಬೇಕಾದ ಕೆಲಸ, ಬರೆದರೆ ಉದ್ದವಾಗುತ್ತದೆ.

ಕೆನ್ನೆ ತಟ್ಟಬೇಡಿ. ತಟ್ಟಿದ ಕಡೆಗೆ ಮಗು ಬಾಯಿ ತಿರುಗಿಸುತ್ತದೆ, ತೊಟ್ಟು ಬಾಯಿಂದ ಜಾರುತ್ತದೆ. ಮೊದಲು ಸುತ್ತಿದ ಬಟ್ಟೆ, ಕುಲಾವಿ, ಅಂಗಿ ಎಲ್ಲ ಬಿಚ್ಚಿ. ಡೈಪರ್ ಒಂದಿದ್ದರೆ ಸಾಕು. ನಿಮ್ಮ ಬರಿ ಎದೆಯ ಮೇಲೆ ಕವುಚಿ ಮಲಗಿಸಿಕೊಂಡು ಅವಳ ಬೆನ್ನಿನ ಮೇಲಿಂದ ಒಂದು ಬಟ್ಟೆ ಹೊದೆಸಿ. ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ನಿಮಗೆ ಕಾಣುತ್ತಿರಲಿ. ಹೀಗಿರುವಾಗ ನೀವು ಮಾತ್ರ ನಿದ್ದೆ ಹೋಗಬಾರದು. ಬೆಚ್ಚಗೆ ಸುತ್ತಿದ ಮಗು ನಿದ್ದೆಗೆ ಜಾರುತ್ತದೆ, ಮೈಗೆ ಮೈ ತಾಗಿದ ಮಗು ಹಾಲು ಹುಡುಕುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಆಡಿಸುತ್ತದೆ, ನಾಲಿಗೆ ಹೊರಗೆ ಹಾಕುತ್ತದೆ, ಕೈ ಬಾಯಿಗೆ ತರುತ್ತದೆ. ಅಳು ಬರುವವರೆಗೆ ಕಾಯಬೇಡಿ, ಆ ಹೊತ್ತಿಗೆ ತಡವಾಗಿರುತ್ತದೆ. ಇಂಥ ಮಗು ಅಳದೆಯೇ ಮತ್ತೆ ಮಲಗಿಬಿಡುತ್ತದೆ.

ಆಪರೇಷನ್ ಗಾಯ ನೋಯುತ್ತಿದ್ದರೆ ಮಗುವನ್ನು ಹೊಟ್ಟೆ ಮೇಲೆ ಅಡ್ಡ ಇಟ್ಟುಕೊಳ್ಳಬೇಡಿ. ಕಂಕುಳ ಕೆಳಗೆ, ಪಕ್ಕಕ್ಕೆ ದಿಂಬಿಟ್ಟು ಹಿಡಿಯಿರಿ, ಕಾಲು ನಿಮ್ಮ ಬೆನ್ನಿನ ಕಡೆ ಹೋಗಲಿ. ಅವಳ ಮೂಗು ನಿಮ್ಮ ತೊಟ್ಟಿನ ನೇರಕ್ಕೆ ಬರಲಿ. ತೊಟ್ಟಿನಿಂದ ಮೇಲ್ದುಟಿ ಸವರಿ. ಬಾಯಿ ಆಕಳಿಸಿದ ಹಾಗೆ ಪೂರ್ತಿ ತೆರೆದಾಗ ಬೆನ್ನು ಹಿಡಿದು ಹತ್ತಿರ ತನ್ನಿ. ಗದ್ದ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ದುಟಿಯ ಕಡೆ ಸ್ವಲ್ಪ ಕಂಡರೂ ಕೆಳಗಡೆ ಕಾಣಬಾರದು. ಬರೀ ತೊಟ್ಟನ್ನು ಚೀಪಿದರೆ ನಿಮಗೆ ನೋವು, ಅವಳಿಗೆ ಹಾಲಿಲ್ಲ.

ಈಗ ಗದ್ದ ನೋಡಿ, ಇದೇ ಮುಖ್ಯ. ಮೊದಲು ಬೇಗ ಬೇಗ ಚೀಪುತ್ತಾಳೆ. ಹಾಲು ಇಳಿದ ಮೇಲೆ ನಿಧಾನವಾಗುತ್ತದೆ, ಗದ್ದ ಕೆಳಗೆ ಇಳಿದು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ, ಆಮೇಲೆ ಗುಟುಕು. ಹತ್ತಿರ ಕಿವಿ ಕೊಟ್ಟರೆ "ಕ್ಕ" ಅಂತ ಸಣ್ಣಗೆ ಕೇಳುತ್ತದೆ. ಗುಟುಕು ನಿಂತು ತುಟಿ ಮಾತ್ರ ನಡುಗುತ್ತಿದ್ದರೆ ಅವಳು ಕುಡಿಯುತ್ತಿಲ್ಲ, ನಿದ್ದೆಗೆ ಜಾರುತ್ತಿದ್ದಾಳೆ. ಆಗ ನಿಮ್ಮ ಎದೆಯನ್ನು ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಕಪ್ಪು ಭಾಗದಿಂದ ಸ್ವಲ್ಪ ಹಿಂದೆ ಹಿಡಿದು ಮೆಲ್ಲಗೆ ಒತ್ತಿ, ಒತ್ತಿಯೇ ಇಟ್ಟಿರಿ. ಹಾಲು ಬಾಯಿಗೆ ಚಿಮ್ಮುತ್ತದೆ, ಅವಳು ಮತ್ತೆ ಗುಟುಕರಿಸುತ್ತಾಳೆ. ನಿಂತಾಗ ಬಿಡಿ, ಕೈ ಸ್ವಲ್ಪ ಸರಿಸಿ ಮತ್ತೆ ಒತ್ತಿ. ಒತ್ತಿದರೂ ಏನೂ ಆಗದಿದ್ದಾಗ ಆ ಕಡೆಯಿಂದ ತೆಗೆಯಿರಿ. ತೇಗು ಬರಿಸಿ, ಡೈಪರ್ ಬದಲಿಸಿ, ಅಂಗಾಲು ಉಜ್ಜಿ, ಬೆನ್ನು ಕೆಳಗಿನಿಂದ ಮೇಲಕ್ಕೆ ಸವರಿ. ಎಚ್ಚರವಾದ ಮೇಲೆ ಇನ್ನೊಂದು ಕಡೆ ಹಾಕಿ. ಬೇಕಾದರೆ ಮತ್ತೆ ಮೊದಲ ಕಡೆಗೇ ಬನ್ನಿ.

ಇದೆಲ್ಲ ಅರ್ಧ ಗಂಟೆ ಒಳಗೆ ಮುಗಿಸಿ. ಅದಕ್ಕಿಂತ ಎಳೆದರೆ ಕುಡಿದದ್ದಕ್ಕಿಂತ ಸುಸ್ತಾದದ್ದೇ ಜಾಸ್ತಿ. ಆಮೇಲೆ ಒಳಲೆ ಹಾಲು ಬೇರೆಯವರು ಕುಡಿಸಲಿ, ನೀವು ಆ ಹೊತ್ತಿನಲ್ಲಿ ಹಿಂಡಿ ತೆಗೆಯಿರಿ. ಹೀಗೆ 24 ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ. ಶುರುವಿನಿಂದ ಶುರುವಿಗೆ ಎರಡೂವರೆ ಗಂಟೆ ಅಂತ ಇಟ್ಟುಕೊಳ್ಳಿ, ಮೂರು ದಾಟಬೇಡಿ. ರಾತ್ರಿಯೂ ಅಷ್ಟೇ. ಹಾಲು ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ, ರಾತ್ರಿಯ ಹಾಲು ಬಿಡಬೇಡಿ.

ಧಾರವಾಡದ_ಅಜ್ಜಿ

ನಾನು ಹಳೆಯ ಕಾಲದವಳು. ಮಗಳು, ಸೊಸೆ, ಮೊಮ್ಮಗಳು, ಮೂವರ ಬಾಣಂತನ ನನ್ನ ಕೈಯಲ್ಲೇ ಆಗಿದೆ. ಅಳವಿ ಪಾಯಸ, ಅಂಟಿನ ಉಂಡೆ, ಕೊಬ್ಬರಿ ಕಾರೀಕ, ಮೆಂತ್ಯದ ಹಿಟ್ಟು ಬಿಟ್ಟು ಹಾಲು ಬರುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ನೀವೆಲ್ಲ ತಿನ್ನುವುದನ್ನು ಬದಿಗೆ ಇಡುತ್ತಿದ್ದೀರಿ. ಬಾಣಂತಿ ಮೈ ಹಸಿ ಇರುತ್ತದೆ. ಮಗುವಿಗೂ ಎಣ್ಣೆ ನೀರು, ಧೂಪ ಬೇಕು, ಅದರಿಂದಲೇ ಮೈ ಗಟ್ಟಿಯಾಗುವುದು.

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಅಜ್ಜಿ, ನಿಮ್ಮ ಕೈ ಅಡುಗೆ ಬಾಣಂತಿಗೆ ಬೇಕೇ ಬೇಕು. ಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅಂತ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುತ್ತದೆ. ಅಂಟಿನ ಉಂಡೆ, ಅಳವಿ ಪಾಯಸ ಆ ಶಕ್ತಿಯನ್ನೇ ಕೊಡುತ್ತವೆ. ಅಳವಿಯಲ್ಲಿ ಕಬ್ಬಿಣದ ಅಂಶವೂ ಇದೆ. ನನ್ನ ಮಾತು ಇಷ್ಟೇ. ಎಷ್ಟು ಪಾಯಸ ಕುಡಿದರೂ ಎದೆಯಿಂದ ಹಾಲು ಹೊರಗೆ ಹೋಗದಿದ್ದರೆ ಹೊಸದು ಬರಲ್ಲ.

ಧಾರವಾಡದ_ಅಜ್ಜಿ

ಅದು ಖರೆ. ಕರು ಗುದ್ದಿ ಕುಡಿದರೆ ಆಕಳು ಹಾಲು ಬಿಡುತ್ತದೆ. ಕರು ಸುಸ್ತಾಗಿ ಮಲಗಿದರೆ ಎಷ್ಟು ಹಿಂಡಿ ಹಾಕಿದರೂ ಅಷ್ಟೇ. ಇದನ್ನು ನಾನು ಒಪ್ಪುತ್ತೇನೆ. ಆದರೆ ನೀರು ಹಾಕುವುದು ಬಿಡಿ ಅನ್ನಬೇಡಿ.

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಬಿಡಿ ಅನ್ನಲ್ಲ, ಹೊತ್ತು ಬದಲಿಸಿ ಅಂತೀನಿ. ನಾಲ್ಕಾರು ತಂಬಿಗೆ ಬಿಸಿ ನೀರು, ಮೈ ಉಜ್ಜಾಟ, ಧೂಪ, ಆಮೇಲೆ ಬಿಗಿಯಾಗಿ ಸುತ್ತುವುದು. ಇಷ್ಟಾದ ಮೇಲೆ ದೊಡ್ಡವರಿಗೂ ನಿದ್ದೆ ಬರುತ್ತದೆ, ಅಲ್ವಾ? ಹನ್ನೊಂದು ದಿನದ ಸುಸ್ತಾದ ಮಗು ನಾಲ್ಕು ಗಂಟೆ ಮಲಗದೆ ಇನ್ನೇನು ಮಾಡುತ್ತದೆ? ಬೆಳಗಿನ ಎರಡು ಹೊತ್ತಿನ ಹಾಲು ಅಲ್ಲೇ ಹೋಯಿತು. ತೂಕ ಏರುವವರೆಗೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ತೂಕ ಸರಿಯಾದ ಮೇಲೆ ನೀರು ಹಾಕಿ, ಆದರೆ ಬೇಗ ಮುಗಿಸಿ. ಮಲಗಿದರೂ ಹೊತ್ತಿಗೆ ಸರಿಯಾಗಿ ಎಬ್ಬಿಸಿ. ಧೂಪದ ಹೊಗೆ ಮಾತ್ರ ಬೇಡವೇ ಬೇಡ ಅಜ್ಜಿ. ಅಷ್ಟು ಸಣ್ಣ ಎದೆಗೂಡಿಗೆ ಹೊಗೆ ಕಷ್ಟ.

ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಅಪಾಯ, ಬೊಟುಲಿಸಂ ಅನ್ನುವ ಕಾಯಿಲೆ ಬರಬಹುದು. ಅಷ್ಟು ಪುಟ್ಟ ಹೊಟ್ಟೆಯಲ್ಲಿ ಎರಡು ಚಮಚ ಸಕ್ಕರೆ ನೀರು ಹೋದರೆ ಅಷ್ಟು ಹಾಲಿನ ಜಾಗ ಹೋಯಿತು.

ಹೊಸಬಾಣಂತಿ_ದಾವಣಗೆರೆ

ಅಜ್ಜಿಯ ಮಾತನ್ನೂ ಸಿಸ್ಟರ್ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ನೀರು ಹಾಕುವುದನ್ನು ನಿಲ್ಲಿಸಲು ಒಪ್ಪಿದ್ದಾರೆ. ನಾನು ಕುಡಿಯುವ ನೀರಿನ ಬಗ್ಗೆ ಮಾತ್ರ ಒಪ್ಪುತ್ತಿಲ್ಲ. ಜಾಸ್ತಿ ಕುಡಿದರೆ ಹೊಟ್ಟೆ ದಪ್ಪ ಆಗುತ್ತದೆ, ಮಗುವಿಗೆ ಶೀತ ಆಗುತ್ತದೆ ಅಂತಾರೆ.

ಎರಡುಮಕ್ಕಳಮ್ಮ_ಮೈಸೂರು

ನಮ್ಮ ಮನೆಯಲ್ಲೂ ಇದೇ ಜಗಳ. ಕೊನೆಗೆ ಬಿಸಿ ಜೀರಿಗೆ ನೀರು ಫ್ಲಾಸ್ಕಿನಲ್ಲಿ ಹಾಕಿ ಪಕ್ಕದಲ್ಲಿ ಇಟ್ಟುಕೊಂಡೆ. ಬಿಸಿ ನೀರಾದ್ದರಿಂದ ಅತ್ತೆಯೂ ಬೇಡ ಅನ್ನಲಿಲ್ಲ. ಹಾಲು ಕುಡಿಸುವಾಗ ಬಾಯಾರುತ್ತದೆ ನೋಡಿ, ಆಗೆಲ್ಲ ಒಂದು ಲೋಟ. ಲೀಟರುಗಟ್ಟಲೆ ಕುಡಿದರೆ ಹಾಲು ಹೆಚ್ಚುತ್ತದೆ ಅಂತೇನೂ ಇಲ್ಲ, ಬಾಯಾರಿಕೆಗೆ ಕುಡಿದರೆ ಸಾಕು. ಆದರೆ ಬಾಯಾರಿದ ಬಾಣಂತಿಗೆ ನೀರು ಇಲ್ಲ ಅನ್ನುವುದು ಯಾವ ನ್ಯಾಯ? ಮಲಬದ್ಧತೆ, ಉರಿಮೂತ್ರ ಎಲ್ಲ ಅದರಿಂದಲೇ.

ಕರಾವಳಿ_ಉಡುಪಿ

ಜಾಂಡೀಸ್ ಇದ್ದರೆ ಬೆಳಗಿನ ಬಿಸಿಲಿಗೆ ಹಿಡಿಯಿರಿ ಅಂತ ನಮಗೆ ಎಲ್ಲರೂ ಹೇಳಿದ್ದರು. ಮಕ್ಕಳ ಡಾಕ್ಟರು ಅದನ್ನು ನಂಬಿ ಕೂರಬೇಡಿ ಅಂದರು. ಎಷ್ಟು ಬೆಳಕು ಬಿತ್ತು ಅಂತ ಅಳತೆ ಇರಲ್ಲ, ಬಟ್ಟೆ ಬಿಚ್ಚಿದರೆ ಮಗುವಿಗೆ ಚಳಿ, ಬಿಸಿಲು ಜಾಸ್ತಿಯಾದರೆ ಚರ್ಮ ಸುಡುತ್ತದೆ. ನಮ್ಮ ಮಗಳಿಗೆ ಆಸ್ಪತ್ರೆಯಲ್ಲಿ ನೀಲಿ ಲೈಟ್ ಕೆಳಗೆ ಇಟ್ಟರು. ಹಾಲಿಗೆ ಮಾತ್ರ ಹೊರಗೆ ತೆಗೆದು ಕೊಡುತ್ತಿದ್ದರು. ಜಾಂಡೀಸ್ ಇಳಿದ ಮೇಲೆ ಅವಳು ಬೇರೆಯೇ ಮಗು, ಬಾಯಿ ತೆರೆದು ಹುಡುಕಿಕೊಂಡು ಬರುತ್ತಿದ್ದಳು. ನಿಮ್ಮ ಮಗಳೂ ಹಾಗೇ ಆಗುತ್ತಾಳೆ.

ಆಶಾ_ಕೊಪ್ಪಳ

ನಾನು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ನಾವು ಮನೆಗೆ ಬಂದು ಮಗು ನೋಡಬೇಕು. ತೂಕದ ಯಂತ್ರ, ಥರ್ಮಾಮೀಟರ್ ನಮ್ಮ ಚೀಲದಲ್ಲೇ ಇರುತ್ತವೆ. ತವರಿಗೆ ಹೋದ ಬಾಣಂತಿ ಎಷ್ಟೋ ಸಲ ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತಾಳೆ, ಈ ಊರಿನವರು ಆ ಊರಿನಲ್ಲಿ ನೋಡ್ತಾರೆ ಅಂದುಕೊಳ್ತಾರೆ. ನಿಮ್ಮ ತವರೂರಿನ ಆಶಾಗೆ ನೀವೇ ಹೇಳಿ ಕಳಿಸಿ, ತಾಯಿ ಕಾರ್ಡ್ ತೋರಿಸಿ. ಅಂಗನವಾಡಿಯಲ್ಲಿ ಬಾಣಂತಿಯರಿಗೆ ಮಾತೃಪೂರ್ಣ ಊಟವೂ ಇದೆ, ಕೇಳಿ.

ಇದನ್ನು ಮಾತ್ರ ಎಲ್ಲರೂ ನೆನಪಿಡಿ. ಮಗು ಎಷ್ಟು ಎಬ್ಬಿಸಿದರೂ ಏಳದಿದ್ದರೆ, ಚೀಪುವುದನ್ನೇ ನಿಲ್ಲಿಸಿದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ, ಎದೆ ಒಳಗೆ ಸೆಳೆದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಯಾರನ್ನೂ ಕೇಳುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಜಿಲ್ಲಾಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಹಸುಗೂಸಿನ ಚಿಕಿತ್ಸೆ ಉಚಿತ.

ಹೊಸಬಾಣಂತಿ_ದಾವಣಗೆರೆ

ಇದನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ ಅಕ್ಕ. ಪಂಪ್ ಬಗ್ಗೆ ಯಾರಾದರೂ ಹೇಳ್ತೀರಾ? ಕೈಯಲ್ಲಿ ಹಿಂಡಿದರೆ ಪಂಪ್‌ಗಿಂತ ಜಾಸ್ತಿ ಬರುತ್ತಿದೆ. ಹೀಗಾಗುತ್ತದಾ?

ಕನ್ನಡತಿ_ದುಬೈ

ಆಗುತ್ತದೆ! ಮೊದಲ ವಾರಗಳಲ್ಲಿ ಕೈಗೆ ಬಂದಷ್ಟು ಎಷ್ಟೋ ಸಲ ಪಂಪಿಗೆ ಬರಲ್ಲ. ನನಗೆ ಇಲ್ಲಿ ರಜೆ ಕಡಿಮೆ ಇತ್ತು, ಬೇಗ ಕೆಲಸಕ್ಕೆ ಹೋಗಬೇಕಾಯ್ತು, ಹಾಗಾಗಿ ಪಂಪ್ ವಿಷಯ ಚೆನ್ನಾಗಿ ಗೊತ್ತು. ಮೊದಲು ಎದೆಗೆ ಇಡುವ ಆ ಕೊಳವೆ ಬಾಯಿಯ ಅಳತೆ ನೋಡಿ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 24 ಮಿ.ಮೀ. ಬರುತ್ತದೆ. ತುಂಬಾ ಜನರಿಗೆ ಅದು ದೊಡ್ಡದಾಗುತ್ತದೆ. ಎಳೆಯುವಾಗ ತೊಟ್ಟು ಮಾತ್ರ ಒಳಗೆ ಹೋಗಬೇಕು, ಸುತ್ತಲಿನ ಕಪ್ಪು ಭಾಗವೆಲ್ಲ ಹೋಗುತ್ತಿದ್ದರೆ ಸಣ್ಣದು ತಗೊಳ್ಳಿ. ನೋವಾಗುವಷ್ಟು ಜೋರಾಗಿ ಎಳೆಸಬೇಡಿ. ನೋವಿಗೆ ಹಾಲು ಇಳಿಯಲ್ಲ.

ಹಾಕುವ ಮೊದಲು ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಎದೆ ಮೇಲೆ ಇಟ್ಟು, ಬೆರಳಿನಿಂದ ಮೆಲ್ಲಗೆ ಸವರಿ. ಪಂಪ್ ಎಳೆಯುವಾಗಲೂ ಇನ್ನೊಂದು ಕೈಯಿಂದ ಎದೆ ಒತ್ತುತ್ತಾ ಇರಿ. ಕೊನೆಗೆ ಎರಡು ನಿಮಿಷ ಕೈಯಿಂದ ಹಿಂಡಿ. ಮಗುವನ್ನು ನೋಡುತ್ತಾ ಅಥವಾ ಅದರ ಅಂಗಿ ಮೂಸುತ್ತಾ ಹಾಕಿದರೆ ಬೇಗ ಇಳಿಯುತ್ತದೆ. ಬಾಟಲಿಯ ಗೀಟು ಮಾತ್ರ ನೋಡಬೇಡಿ, ಬೇಕಾದರೆ ಅದರ ಮೇಲೆ ಕಾಲುಚೀಲ ಹಾಕಿಬಿಡಿ. ಪಂಪಿಗೆ ಬಂದಷ್ಟೇ ಎದೆಯಲ್ಲಿ ಇತ್ತು ಅಂತ ಲೆಕ್ಕ ಅಲ್ಲ. ಚೆನ್ನಾಗಿ ಕುಡಿಯುವ ಮಗು ಅದಕ್ಕಿಂತ ಜಾಸ್ತಿ ತೆಗೆಯುತ್ತದೆ.

ದಿನಕ್ಕೆ ಒಂದು ಸಲ, ನಿಮಗೆ ಅನುಕೂಲವಾದ ಹೊತ್ತಿನಲ್ಲಿ, ಒಂದು ಗಂಟೆ ಹೀಗೆ ಮಾಡಿ ನೋಡಿ. 20 ನಿಮಿಷ ಪಂಪ್, 10 ವಿಶ್ರಾಂತಿ, 10 ಪಂಪ್, 10 ವಿಶ್ರಾಂತಿ, 10 ಪಂಪ್. ಜೋರು ಹಸಿವಿನ ಮಗು ಮತ್ತೆ ಮತ್ತೆ ಕುಡಿದ ಹಾಗೆ ಮೈಗೆ ಅನಿಸುತ್ತದೆ. ಮೊದಲ ದಿನ ಏನೂ ಬರದಿದ್ದರೆ ನಿರಾಶೆ ಬೇಡ, ಫಲ ಕಾಣಲು ಕೆಲವು ದಿನ ಬೇಕು. ಹಿಂಡಿದ ಹಾಲು ಕೋಣೆಯಲ್ಲಿ 25 ಡಿಗ್ರಿ ಒಳಗಿದ್ದರೆ ನಾಲ್ಕು ಗಂಟೆ ಇರುತ್ತದೆ. ದಾವಣಗೆರೆ ಸೆಕೆಗೆ ಅಷ್ಟು ಹೊತ್ತು ಇಡಬೇಡಿ, ಫ್ರಿಜ್ಜಿನ ಹಿಂಭಾಗದಲ್ಲಿ ಇಡಿ, ಅಲ್ಲಿ ನಾಲ್ಕು ದಿನ ಇರುತ್ತದೆ. ಬಿಸಿ ಮಾಡಲು ಒಲೆ ಮೇಲೆ ಇಡಬೇಡಿ, ಬಟ್ಟಲನ್ನು ಬಿಸಿ ನೀರಿನಲ್ಲಿ ಇಟ್ಟರೆ ಸಾಕು.

ಬೆಂಗಳೂರಿನ_ಅಪ್ಪ

ಗಂಡಸರು ಇಲ್ಲಿ ಬರೆಯಬಹುದು ತಾನೇ? ಈ ಮೂರು ಕೆಲಸ, ಎದೆಗೆ ಹಾಕುವುದು, ಹಿಂಡುವುದು, ಒಳಲೆ, ಒಬ್ಬರೇ ಮಾಡಿದರೆ ತಾಯಿ ಮಲಗುವುದು ಯಾವಾಗ? ನಮ್ಮ ಮನೆಯಲ್ಲಿ ಅಲಾರಂ ನನ್ನದು. ಮಗು ಎತ್ತಿ, ಬಟ್ಟೆ ಬಿಚ್ಚಿ, ಡೈಪರ್ ಬದಲಿಸಿ ಎಚ್ಚರಿಸಿ ಹೆಂಡತಿ ಕೈಗೆ ಕೊಡುತ್ತಿದ್ದೆ. ಅವಳು ಕುಡಿಸಿದ ಮೇಲೆ ಒಳಲೆ ನನ್ನದು, ಪಂಪ್ ತೊಳೆದು ಕುದಿಸುವುದೂ ನನ್ನದು. ಒಳಲೆ ಕಲಿಯಲು ಎರಡು ದಿನ ಸಾಕು. ಮಗುವನ್ನು ತೊಡೆ ಮೇಲೆ ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ಬಾಯಿಯ ಮೂಲೆಗೆ ಇಟ್ಟು, ಹನಿ ಹನಿಯಾಗಿ ಬಿಡಬೇಕು. ಗುಟುಕು ನುಂಗಿದ ಮೇಲೆ ಮುಂದಿನದು. ಮಲಗಿರುವ ಮಗುವಿನ ಬಾಯಿಗೆ ಸುರಿಯಬಾರದು, ನೆತ್ತಿಗೆ ಹತ್ತುತ್ತದೆ.

ನಿಮ್ಮ ಯಜಮಾನರು ಊರಲ್ಲಿ ಇಲ್ಲದಿದ್ದರೆ ತಮ್ಮನೋ ಅಪ್ಪನೋ ಯಾರಾದರೂ ಅಲಾರಂ ವಹಿಸಿಕೊಳ್ಳಲಿ. ಬಾಣಂತನ ಹೆಂಗಸರ ಕೆಲಸ ಅಂತ ಉಳಿದವರು ದೂರ ನಿಲ್ಲುವುದು ಸರಿಯಲ್ಲ.

ಹೊಸಬಾಣಂತಿ_ದಾವಣಗೆರೆ

ಯಜಮಾನರು ಶನಿವಾರ ಮಾತ್ರ ಬರುತ್ತಾರೆ. ಅಪ್ಪನಿಗೆ ನಿಮ್ಮ ಮಾತು ಓದಿ ಹೇಳಿದೆ. ರಾತ್ರಿ ಎರಡು ಗಂಟೆಯ ಪಾಳಿ ನನ್ನದು ಅಂದರು.

ಥೈರಾಯ್ಡ್_ತಾಯಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಮಗುವಿಗೆ ಒಂದು ತಿಂಗಳು. ಚೆನ್ನಾಗಿ ಎಚ್ಚರವಿದ್ದು ಕುಡಿಯುತ್ತಾನೆ, ಆದರೂ ಹಾಲು ಕಡಿಮೆ. ಮೆಡಿಕಲ್ ಶಾಪಿನವರು ಹಾಲು ಹೆಚ್ಚಾಗಲು ಡೊಂಪೆರಿಡೋನ್ ಮಾತ್ರೆ ಕೊಟ್ಟರು. ಶತಾವರಿ ಪುಡಿಯೂ ಇದೆ. ತಗೊಳ್ಳಬಹುದಾ?

ವಾರ್ಡ್‌ಸಿಸ್ಟರ್_ಶಿವಮೊಗ್ಗ

ಅಂಗಡಿಯವರ ಮಾತಿಗೆ ಆ ಮಾತ್ರೆ ನುಂಗಬೇಡಿ. ಕೆಲವು ಡಾಕ್ಟರು ತಾಯಿಯನ್ನು ಪರೀಕ್ಷಿಸಿ ಅದನ್ನು ಬರೆಯುತ್ತಾರೆ, ಅದು ಬೇರೆ. ಹೃದಯದ ಬಡಿತದಲ್ಲಿ ಏರುಪೇರು ಮಾಡಬಹುದಾದ ಮಾತ್ರೆ ಅದು. ಹಾಲು ಹೆಚ್ಚಿಸಲು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಎಚ್ಚರಿಸಿದೆ. ಶತಾವರಿ, ಮೆಂತ್ಯದ ಬಗ್ಗೆ ಗಟ್ಟಿ ಪುರಾವೆ ಕಡಿಮೆ. ಅಡುಗೆಯಲ್ಲಿ ಮೆಂತ್ಯ ಸರಿ, ಆದರೆ ಶುಗರ್ ಅಥವಾ ಥೈರಾಯ್ಡ್ ಔಷಧಿ ತಗೊಳ್ಳುವವರು ಜಾಸ್ತಿ ಪ್ರಮಾಣದಲ್ಲಿ ತಿನ್ನುವ ಮೊದಲು ಡಾಕ್ಟರನ್ನು ಕೇಳಬೇಕು.

ಮಗು ಚೆನ್ನಾಗಿ ಚೀಪುತ್ತಿದ್ದೂ ಹಾಲು ಕಡಿಮೆ ಅಂದರೆ ಕಾರಣ ತಾಯಿಯ ಮೈಯಲ್ಲಿ ಹುಡುಕಬೇಕು. ನಿಮಗೆ ಥೈರಾಯ್ಡ್ ಇದೆ ಅಂತ ಹೆಸರೇ ಹೇಳ್ತಿದೆ, ಹೆರಿಗೆ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದ್ದೀರಾ? ಮಾತ್ರೆಯ ಅಳತೆ ಬದಲಿಸಬೇಕಾಗಬಹುದು. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದರೆ, ಮಾಸದ ಚೂರು ಒಳಗೆ ಉಳಿದಿದ್ದರೆ, ಪಿಸಿಒಡಿ ಇದ್ದರೆ, ಹಿಂದೆ ಎದೆಗೆ ಆಪರೇಷನ್ ಆಗಿದ್ದರೂ ಹೀಗಾಗುತ್ತದೆ. ಕೆಲವು ತಾಯಂದಿರಿಗೆ ಎಲ್ಲ ಮಾಡಿದರೂ ಪೂರ್ತಿ ಹಾಲು ಬರುವುದಿಲ್ಲ. ಅದು ಅವರ ತಪ್ಪಲ್ಲ. ಅರ್ಧ ಬಂದರೆ ಅರ್ಧ ಕೊಡಿ, ಆ ಅರ್ಧಕ್ಕೂ ಬೆಲೆ ಇದೆ. ಮಗುವಿನ ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿದೆಯಾ ಅಂತಲೂ ತೋರಿಸಿ.

ಸುಮ್ನೆ_ಓದುವವಳು

ಬೇರೆ ತಾಯಂದಿರ ಹಾಲು ಸಿಗುತ್ತದೆ ಅಂತ ಕೇಳಿದ್ದೆ, ನಿಜಾನಾ?

ಬೆಂಗಳೂರಿನ_ಅಪ್ಪ

ನಿಜ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ದೇಶದ ಮೊದಲನೆಯದು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ಹಾಲು ಕೊಡುವ ತಾಯಂದಿರ ರಕ್ತ ಪರೀಕ್ಷೆ ಮಾಡಿ, ಹಾಲನ್ನು ಪಾಶ್ಚರೀಕರಿಸಿ ಕೊಡುತ್ತಾರೆ. ಆದರೆ ಅದು ಮುಖ್ಯವಾಗಿ ಅವಧಿಗೆ ಮೊದಲೇ ಹುಟ್ಟಿ ಐಸಿಯುನಲ್ಲಿರುವ ಕೂಸುಗಳಿಗೆ. ಪರಿಚಯದವರ ಹಾಲನ್ನು ಪರೀಕ್ಷೆ ಇಲ್ಲದೆ ತಂದು ಕೊಡಬೇಡಿ.

ಹೊಸಬಾಣಂತಿ_ದಾವಣಗೆರೆ

ಇವತ್ತು ತೂಕ 2.79! ಮೂರು ದಿನಕ್ಕೆ 90 ಗ್ರಾಂ. ಉಚ್ಚೆ ಏಳೆಂಟು ಸಲ, ಕಕ್ಕ ಸಾಸಿವೆ ಬಣ್ಣ. ಡಬ್ಬಿ ಹಾಲು ಮೊದಲ ದಿನ ನಾಲ್ಕು ಹೊತ್ತು ಬೇಕಾಯಿತು, ನಿನ್ನೆ ಒಂದೇ ಹೊತ್ತು. ಎದೆ ಒತ್ತಿ ಕುಡಿಸುವುದರಿಂದ ತುಂಬಾ ಉಪಯೋಗ ಆಯ್ತು ಸಿಸ್ಟರ್, ಒತ್ತಿದ ತಕ್ಷಣ ಕಣ್ಣು ಬಿಟ್ಟು ಗುಟುಕರಿಸುತ್ತಾಳೆ. ಸಂಜೆ ಮಾತ್ರ ಹೊಸ ತೊಂದರೆ. ಆರರಿಂದ ಒಂಬತ್ತರವರೆಗೆ ಬಿಡದೆ ಎದೆಯಲ್ಲೇ ಇರಬೇಕು ಅಂತಾಳೆ, ತೆಗೆದರೆ ಅಳು. ಹಾಲು ಮತ್ತೆ ಕಡಿಮೆಯಾಯಿತಾ?

ಎರಡುಮಕ್ಕಳಮ್ಮ_ಮೈಸೂರು

ಅಯ್ಯೋ, ಇದು ಒಳ್ಳೆ ಸುದ್ದಿ! ಅಳುವಷ್ಟು ಶಕ್ತಿ ಬಂತಲ್ಲ. ಸಂಜೆ ಹೊತ್ತು ಎಲ್ಲ ಮಕ್ಕಳೂ ಹಾಗೆ ಗಂಟೆಗಟ್ಟಲೆ ಹತ್ತಿಕೊಂಡು ಕುಡಿಯುತ್ತವೆ. ಹೊಟ್ಟೆ ತುಂಬಾ ಊಟ ಮಾಡಿ, ನೀರು ಪಕ್ಕದಲ್ಲಿಟ್ಟುಕೊಂಡು, ಒರಗಿ ಕೂತುಬಿಡಿ. ಆ ಹೊತ್ತಿನಲ್ಲಿ ಬಾಯಿಗೆ ರಬ್ಬರ್ ನಿಪ್ಪಲ್ ಇಟ್ಟು ಸುಮ್ಮನಾಗಿಸಬೇಡಿ, ಹಸಿವು ಗೊತ್ತಾಗುವುದಿಲ್ಲ.

ಧಾರವಾಡದ_ಅಜ್ಜಿ

ತೂಕ ಕೇಳಿ ಖುಷಿ ಆಯಿತು ತಂಗಿ. ನಿನ್ನ ಅಮ್ಮನಿಗೂ ಹೇಳು, ಪಾಯಸ ಬಿಡಬಾರದು. ನಮ್ಮ ಕಡೆಯ ಅಳವಿ ಬೇಕಾದರೆ ದಾವಣಗೆರೆ ಸಂತೆಯಲ್ಲೂ ಕೇಳಿ ನೋಡಿರಿ. ರಾತ್ರಿ ನೆನೆಸಿ, ಬೆಳಿಗ್ಗೆ ಹಾಲು ಬೆಲ್ಲ ಹಾಕಿ ಕುದಿಸಬೇಕು. ತೆಳ್ಳಗೆ ಮಾಡಿದರೆ ಕುಡಿಯಲು ಹಗುರ.

ಹೊಸಬಾಣಂತಿ_ದಾವಣಗೆರೆ

ಇವತ್ತು 18ನೇ ದಿನ, 2.92. ಹುಟ್ಟಿದ ತೂಕ ದಾಟಿದಳು. ಡಬ್ಬಿ ಹಾಲು ನಿಂತಿದೆ. ಒಳಲೆ ಈಗಲೂ ಪ್ರತಿ ಹೊತ್ತಿಗೂ ಕೊಡ್ತಿದ್ದೇವೆ. ಅದನ್ನು ಯಾವಾಗ ಬಿಡಬಹುದು ಸಿಸ್ಟರ್? ಹಿಂಡಿ ಹಿಂಡಿ ಕೈ ನೋಯುತ್ತಿದೆ.

ವಾರ್ಡ್‌ಸಿಸ್ಟರ್_ಶಿವಮೊಗ್ಗ

ತುಂಬಾ ಸಂತೋಷ ತಂಗಿ. ಒಮ್ಮೆಲೇ ಬಿಡಬೇಡಿ. ನಿಮ್ಮ ಡಾಕ್ಟರನ್ನು ಕೇಳಿ, ಅವರು ಸರಿ ಅಂದರೆ ಅವಳು ಅತಿ ಚೆನ್ನಾಗಿ ಎಚ್ಚರವಿರುವ ಒಂದೆರಡು ಹೊತ್ತಿನ ಒಳಲೆ ಮೊದಲು ಬಿಡಿ. ಎರಡು ಮೂರು ದಿನ ಬಿಟ್ಟು ತೂಕ ನೋಡಿ. ದಿನಕ್ಕೆ 20 ಗ್ರಾಂಗಿಂತ ಕೆಳಗೆ ಇಳಿಯದಿದ್ದರೆ ಇನ್ನೊಂದು ಹೊತ್ತು ಬಿಡಿ. ಒಂದೇ ತಕ್ಕಡಿ ಇರಲಿ, ಬಟ್ಟೆ ಇಲ್ಲದೆ ತೂಗಿ. ತಕ್ಕಡಿ ಬದಲಾದರೆ 50 ಗ್ರಾಂ ಹೆಚ್ಚುಕಡಿಮೆ ಸುಲಭವಾಗಿ ಬರುತ್ತದೆ, ಸುಮ್ನೆ ಗಾಬರಿ. ಮಂಪರಿನ ಹೊತ್ತಿನದನ್ನು ಕೊನೆಗೆ ಬಿಡಿ. ಹಿಂಡುವುದನ್ನೂ ಹಾಗೇ ಮೆಲ್ಲಗೆ ಇಳಿಸಿ, ಒಮ್ಮೆಲೇ ನಿಲ್ಲಿಸಿದರೆ ಎದೆ ಗಟ್ಟಿಯಾಗಿ ಜ್ವರ ಬರಬಹುದು. ಅವಳೇ ಹಸಿದು ಎದ್ದು ಕೇಳಲು ಶುರು ಮಾಡಿದ ಮೇಲೆ, ತೂಕವೂ ಸರಿಯಾಗಿ ಏರುತ್ತಿದ್ದರೆ, ರಾತ್ರಿ ಅಲಾರಂ ಬೇಕಾಗುವುದಿಲ್ಲ.

ಹೊಸಬಾಣಂತಿ_ದಾವಣಗೆರೆ

ಸರಿ ಸಿಸ್ಟರ್. ಬೆಳಗಿನ ಹತ್ತು ಗಂಟೆಯದು ಮೊದಲು ಬಿಡ್ತೇನೆ, ಆಗ ಅವಳು ಕಣ್ಣು ಬಿಟ್ಟೇ ಇರುತ್ತಾಳೆ. ಮುಂದಿನ ತೂಕ ಶುಕ್ರವಾರ. ನೋಡಿ ಬಂದು ಬರೆಯುತ್ತೇನೆ.